‘ಸೂಪರ್‌ವಿಷನ್’ಗೆ ಕನ್ನಡದಲ್ಲಿ ಏನನ್ನೋಣ? ‘ಮೇಲ್ವಿಚಾರಣೆ’ ಒಗ್ಗುತ್ತಿಲ್ಲ

ಬಳಗದ ಎಲ್ಲರಿಗೂ ನಮಸ್ಕಾರ.

ಒಂದು ಪದಕ್ಕಾಗಿ ಎರಡು ತಿಂಗಳಿಂದ ಒದ್ದಾಡುತ್ತಿದ್ದೇನೆ. ನಿಮ್ಮಲ್ಲಿ ಯಾರಿಗಾದರೂ ಹೊಳೆಯಬಹುದು ಅಂತ ಇಲ್ಲಿ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದವಾಗುತ್ತದೆ, ತಾಳ್ಮೆಯಿಂದ ಓದಿ.

ನಾನು ಆಪ್ತಸಮಾಲೋಚಕರಿಗೂ ಮನೋಚಿಕಿತ್ಸೆ ಕಲಿಯುತ್ತಿರುವವರಿಗೂ ತರಬೇತಿ ಕೊಡುತ್ತೇನೆ. ಕೇಳಿಸಿಕೊಳ್ಳುವುದು ಹೇಗೆ, ಪ್ರಶ್ನೆ ಹಾಕುವುದು ಹೇಗೆ, ಎದುರಿನವರು ಅಳುವಾಗ ಸುಮ್ಮನೆ ಕೂರುವುದು ಹೇಗೆ, ಇಂಥವನ್ನು ಕಲಿಸುವ ಕೆಲಸ. ಅದರ ಕೈಪಿಡಿಯನ್ನು ಈಗ ಕನ್ನಡದಲ್ಲಿ ಬರೆಯುತ್ತಿದ್ದೇವೆ. ಎಷ್ಟೋ ಪದಗಳು ಸಲೀಸಾಗಿ ಬಂದವು. ರೋಲ್ ಪ್ಲೇಗೆ ‘ತಾಲೀಮು’ ಅಂದೆವು. ನಾಟಕದವರ ಮಾತು, ಎಲ್ಲರಿಗೂ ಹಿಡಿಸಿತು. ಕ್ಲೈಂಟ್ ಅನ್ನುವುದಕ್ಕೆ ‘ಕಕ್ಷಿದಾರ’ ಅಂದರೆ ಕೋರ್ಟು ಕಣ್ಣಿಗೆ ಕಟ್ಟುತ್ತದೆ, ‘ಗ್ರಾಹಕ’ ಅಂದರೆ ವ್ಯಾಪಾರ. ‘ರೋಗಿ’ ಎಲ್ಲರಿಗೂ ಹೊಂದುವುದಿಲ್ಲ. ಕೊನೆಗೆ ಸುಮ್ನೆ ‘ಬಂದವರು’ ಅಂತ ಬರೆದೆವು. ಓದಿಕೊಂಡು ಹೋಗುವಾಗ ಎಲ್ಲೂ ತೊಡರುವುದಿಲ್ಲ, ಆ ಪದದ ಬಗ್ಗೆ ನನಗೆ ನಿಜಕ್ಕೂ ಖುಷಿಯಿದೆ.

ಸಿಕ್ಕಿಹಾಕಿಕೊಂಡಿರುವುದು ‘ಸೂಪರ್‌ವಿಷನ್’ ಹತ್ತಿರ.

ಈ ಕೆಲಸದ ಪರಿಚಯ ಇಲ್ಲದವರಿಗೆ ಅದೇನು ಅಂತ ಹೇಳಿಬಿಡುತ್ತೇನೆ. ಬೇರೆಯವರ ನೋವು ಕೇಳುವ ಕೆಲಸ ಮಾಡುವವರು ವಾರಕ್ಕೋ ಹದಿನೈದು ದಿನಕ್ಕೋ ಒಮ್ಮೆ ಅನುಭವಸ್ಥರೊಬ್ಬರ ಜೊತೆ ಕೂರುತ್ತಾರೆ. ತಾವು ಮಾಡಿದ ಮಾತುಕತೆಯನ್ನು ಅವರ ಮುಂದೆ ಬಿಚ್ಚಿಡುತ್ತಾರೆ. ಒಮ್ಮೊಮ್ಮೆ ಬರೆದ ಟಿಪ್ಪಣಿ ಇರುತ್ತದೆ, ಒಮ್ಮೊಮ್ಮೆ ಬಂದವರ ಒಪ್ಪಿಗೆ ಪಡೆದು ಮಾಡಿದ ಧ್ವನಿಮುದ್ರಣ. ಎಲ್ಲಿ ಚೆನ್ನಾಗಿ ಆಯಿತು, ಎಲ್ಲಿ ಕೈ ತಪ್ಪಿತು, ಮುಂದಿನ ಸಲ ಏನು ಮಾಡೋಣ ಅಂತ ಇಬ್ಬರೂ ಸೇರಿ ನೋಡುತ್ತಾರೆ. ಇದು ಹೊಸಬರಿಗೆ ಮಾತ್ರ ಅಲ್ಲ. ಇಪ್ಪತ್ತು ವರ್ಷ ಕೆಲಸ ಮಾಡಿದವರೂ ಬಿಡದೆ ಹೋಗುತ್ತಾರೆ.

ಡಿಕ್ಷನರಿ ತೆಗೆದರೆ ಸಿಗುವುದು ‘ಮೇಲ್ವಿಚಾರಣೆ’. ಮೊದಲು ನಾವೂ ಅದನ್ನೇ ಬಳಸಿದೆವು. ವೇಳಾಪಟ್ಟಿಯಲ್ಲಿ ‘ಗುರುವಾರ 3 ಗಂಟೆ: ಮೇಲ್ವಿಚಾರಣೆ’ ಅಂತ ಬರೆದು ಅಂಟಿಸಿದೆ.

ಆ ಗುರುವಾರ ಬಂದ, ನಮ್ಮಲ್ಲಿ ತರಬೇತಿ ಪಡೆಯುತ್ತಿದ್ದ ಹುಡುಗಿಯೊಬ್ಬಳನ್ನು ನಾನು ಮರೆಯಲಾರೆ. (ಅವಳನ್ನು ಕೇಳಿಯೇ ಬರೆಯುತ್ತಿದ್ದೇನೆ, ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ.) ಹಾಜರಿ ಪುಸ್ತಕ, ಸಹಿ ಹಾಕಿಸಿದ ಒಪ್ಪಿಗೆ ಪತ್ರಗಳು, ದಿನಾಂಕದ ಪ್ರಕಾರ ಜೋಡಿಸಿದ ಟಿಪ್ಪಣಿಗಳು, ಎಲ್ಲವನ್ನೂ ಎದೆಗೆ ಅವಚಿಕೊಂಡು ಬಂದಳು. ಒಂದೊಂದಾಗಿ ಮೇಜಿನ ಮೇಲೆ ಇಟ್ಟಳು. ಕೈ ಸಣ್ಣಗೆ ನಡುಗುತ್ತಿತ್ತು. ನಲವತ್ತು ನಿಮಿಷ ಬರೀ ಕಾಗದದ ಮಾತೇ ಆಯಿತು. ಎದ್ದು ಹೊರಡುವಾಗ ಬಾಗಿಲ ಹತ್ತಿರ ನಿಂತು, ‘ಮೇಡಂ, ಒಂದು ಕಡೆ ನಾನು ತಪ್ಪು ಮಾತಾಡಿಬಿಟ್ಟೆ ಅನ್ನಿಸುತ್ತಿದೆ. ಅದನ್ನ ಇಲ್ಲಿ ಹೇಳಬಹುದಾ?’ ಅಂತ ಕೇಳಿದಳು.

ಇಲ್ಲಿ ಹೇಳಬೇಕಾಗಿದ್ದಿದ್ದೇ ಅದು. ಆ ಒಂದು ಗಂಟೆ ಇರುವುದೇ ಅದಕ್ಕೆ.

ಮತ್ತೆ ಕೂತೆವು. ಧ್ವನಿಮುದ್ರಣ ಹಾಕಿದಳು. ಬಂದವರು ಹೇಳುತ್ತಾರೆ, ‘ಮನೇಲಿ ಯಾರಿಗೂ ನಾನು ಬೇಕಾಗಿಲ್ಲ’. ಅವರು ಉಸಿರು ತೆಗೆದುಕೊಳ್ಳುವ ಮೊದಲೇ ಇವಳ ಧ್ವನಿ, ‘ಹಾಗೆಲ್ಲ ಅಂದುಕೊಳ್ಳಬಾರದು, ಎಲ್ಲ ಸರಿಹೋಗುತ್ತೆ’. ಆಮೇಲೆ ಬಹಳ ಹೊತ್ತು ಆ ಕಡೆಯಿಂದ ಮಾತೇ ಇಲ್ಲ. ಅಲ್ಲಿಗೆ ನಿಲ್ಲಿಸಿ, ‘ಈ ಜಾಗದಲ್ಲಿ ನಿನಗೆ ಏನಾಗುತ್ತಿತ್ತು?’ ಅಂತ ಕೇಳಿದೆ. ‘ಭಯ ಆಯ್ತು. ಅವರು ಮುಂದೆ ಏನು ಹೇಳಿಬಿಡುತ್ತಾರೋ ಅಂತ’ ಅಂದಳು. ಆ ಭಯದ ಬಗ್ಗೆಯೇ ಮಾತಾಡಿದೆವು. ಸಾಯುವ ಯೋಚನೆ ಇದೆಯಾ ಅಂತ ನೇರವಾಗಿ, ಮೆತ್ತಗೆ ಕೇಳಬಹುದು, ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ ಅಂತ ತರಗತಿಯಲ್ಲಿ ಅವಳು ಬರೆದುಕೊಂಡಿದ್ದಳು. ಬರೆದುಕೊಂಡಿದ್ದು ಬಾಯಿಗೆ ಬಂದಿರಲಿಲ್ಲ. ಕೇಳುವ ವಾಕ್ಯವನ್ನು ಅವತ್ತು ನಾಲ್ಕೈದು ಸಲ ಜೋರಾಗಿ ಹೇಳಿ ತಾಲೀಮು ಮಾಡಿದಳು. ಮಾರನೇ ದಿನವೇ ಬಂದವರಿಗೆ ಫೋನ್ ಮಾಡಿ ವಿಚಾರಿಸಿದಳು.

ಅವಳು ಬೆದರಿದ್ದಕ್ಕೆ ಆ ಪದ ಕಾರಣ ಅಂತ ನನಗೆ ಗಟ್ಟಿಯಾಗಿ ಅನ್ನಿಸಿತು. ಮೇಲ್ವಿಚಾರಕ ಅಂದ ಕೂಡಲೇ ನಮಗೆ ನೆನಪಾಗುವುದು ಯಾರು? ಪರೀಕ್ಷೆಯಲ್ಲಿ ಸಾಲುಗಳ ನಡುವೆ ಓಡಾಡುವ ಕೊಠಡಿ ಮೇಲ್ವಿಚಾರಕರು. ಕಾಪಿ ಹೊಡೆಯುತ್ತಿದ್ದಾರಾ ಅಂತ ನೋಡುವವರು. ಪದವನ್ನು ಬಿಡಿಸಿದರೂ ಅದೇ ಬಿಗಿ. ‘ಮೇಲ್’ ಅಂದರೆ ಒಬ್ಬರು ಎತ್ತರದಲ್ಲಿ, ಇನ್ನೊಬ್ಬರು ಕೆಳಗೆ. ‘ವಿಚಾರಣೆ’ ಅಂದರೆ ಆರೋಪಿಯ ಕಟಕಟೆ. ಅಂಥ ಕಡೆಗೆ ಯಾರು ತಾನೇ ತಮ್ಮ ತಪ್ಪನ್ನು ತಾವಾಗಿ ತೆಗೆದುಕೊಂಡು ಹೋಗುತ್ತಾರೆ? ನೀಟಾಗಿರುವುದನ್ನೇ ಆರಿಸಿ ಒಯ್ಯುತ್ತಾರೆ. ಕಲಿಯುವವರ ಪಾಡಂತೂ ಇನ್ನೂ ಕಷ್ಟ. ಇಂಗ್ಲಿಷಿನ ಸೂಪರ್‌ವೈಸೀಗೆ ‘ಮೇಲ್ವಿಚಾರಣೆಗೆ ಒಳಪಟ್ಟವರು’ ಅಂತ ಬರೆಯಬೇಕಾಯಿತು. ಕೇಸು ದಾಖಲಾದ ಹಾಗೆ ಕೇಳುತ್ತದೆ, ಅಲ್ವಾ?

ಆದರೆ ಕನ್ನಡದ ‘ವಿಚಾರಿಸು’ ಅಷ್ಟೇ ಅಲ್ಲವಲ್ಲ. ಯೋಗಕ್ಷೇಮ ವಿಚಾರಿಸುತ್ತೇವೆ. ‘ಬಂದ ನೆಂಟರನ್ನ ಚೆನ್ನಾಗಿ ವಿಚಾರಿಸಿಕೊಂಡರು’ ಅಂದರೆ ಪ್ರೀತಿಯಿಂದ ನೋಡಿಕೊಂಡರು ಅಂತ. ಅದೇ ‘ನಿನ್ನನ್ನ ಆಮೇಲೆ ವಿಚಾರಿಸ್ಕೋತೀನಿ’ ಅಂದರೆ ಬೆದರಿಕೆ! ಒಂದೇ ಕ್ರಿಯಾಪದದಲ್ಲಿ ಅಕ್ಕರೆಯೂ ಇದೆ, ಏಟೂ ಇದೆ. ‘ಮೇಲ್ವಿಚಾರಣೆ’ ಅನ್ನುವ ನಾಮಪದ ಆಗುವಷ್ಟರಲ್ಲಿ ಅಕ್ಕರೆ ಎಲ್ಲೋ ಸೋರಿಹೋಗಿದೆ. ಇದು ಹೇಗಾಯಿತು ಅಂತ ಹಳಬರು ಯಾರಾದರೂ ಹೇಳಿದರೆ ಉಪಕಾರ.

ಇದನ್ನು ಬರೆಯುವಾಗ ಇನ್ನೊಂದು ನೆನಪಾಯಿತು. 1960ರ ದಶಕದಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ನಾರ್ಮನ್ ಕೇಗನ್ ಒಂದು ವಿಧಾನ ರೂಪಿಸಿದರು. ಮಾತುಕತೆಯ ವಿಡಿಯೊವನ್ನು ಮತ್ತೆ ಹಾಕುತ್ತಾರೆ. ಎಲ್ಲಿ ನಿಲ್ಲಿಸಬೇಕು ಅನ್ನುವುದು ಕಲಿಯುವವರ ಕೈಯಲ್ಲೇ ಇರುತ್ತದೆ. ಜೊತೆಗೆ ಕೂತವರು ತೀರ್ಪು ಕೊಡುವಂತಿಲ್ಲ. ‘ಆಗ ಮನಸ್ಸಿನಲ್ಲಿ ಏನಿತ್ತು?’ ಅಂತ ಕೇಳುತ್ತಾ ಹೋಗುತ್ತಾರೆ, ಅಷ್ಟೆ. ಆ ಜೊತೆಗಾರರಿಗೆ ಕೇಗನ್ ಇಟ್ಟ ಹೆಸರನ್ನು ಕನ್ನಡಕ್ಕೆ ತಂದರೆ ‘ವಿಚಾರಿಸುವವರು’ ಅಂತಲೇ ಆಗುತ್ತದೆ! ಅಂದರೆ ವಿಚಾರಣೆಯನ್ನು ಪೂರ್ತಿ ಬಿಟ್ಟುಬಿಡಬೇಕಿಲ್ಲವೇನೋ. ಕಾಡುತ್ತಿರುವುದು ಅದರ ತಲೆಯ ಮೇಲೆ ಕೂತ ‘ಮೇಲ್’ ಇರಬಹುದು.

ಬೇರೆ ಭಾಷೆಯವರಿಗೂ ಈ ತೊಡಕು ಆಗಿದೆ. 1920ರಲ್ಲಿ ಬರ್ಲಿನ್‌ನಲ್ಲಿ ಮ್ಯಾಕ್ಸ್ ಐಟಿಂಗೋನ್ ಅನ್ನುವ ವೈದ್ಯರು ಮತ್ತು ಜೊತೆಗಾರರು ಮನೋವಿಶ್ಲೇಷಣೆಯ (ಫ್ರಾಯ್ಡ್ ಹಾಕಿಕೊಟ್ಟ ಚಿಕಿತ್ಸೆಯ ದಾರಿ) ಚಿಕಿತ್ಸಾಲಯ ತೆರೆದರು. ಕಲಿಯುವವರು ತಮ್ಮ ಕೇಸುಗಳನ್ನು ಹಿರಿಯರ ಜೊತೆ ಕೂತು ನೋಡಲೇಬೇಕು ಅನ್ನುವ ಪದ್ಧತಿ ಬೇರು ಬಿಟ್ಟಿದ್ದು ಅಲ್ಲಿ. ಜರ್ಮನ್ನಿನಲ್ಲಿ ಅದನ್ನು ‘ಕಂಟ್ರೋಲ್ ಅನಾಲಿಸಿಸ್’ ಅನ್ನುವ ಅರ್ಥದ ಪದದಿಂದ ಕರೆದರು. ಅಲ್ಲೂ ತಪಾಸಣೆಯ ವಾಸನೆ. ಈಗ ಜರ್ಮನ್ನರು ಇಂಗ್ಲಿಷಿನ ಸೂಪರ್‌ವಿಷನ್ ಅನ್ನೇ ಹಾಗೇ ಇಟ್ಟುಕೊಂಡಿದ್ದಾರೆ.

ಹಾಗಾದರೆ ‘ಒತ್ತಾಸೆ’, ‘ಆಸರೆ’ ಅಂತ ಏನಾದರೂ ಮೆತ್ತನೆಯ ಪದ ಹಾಕಿಬಿಡಿ ಅನ್ನಬಹುದು. ನನ್ನ ಸಹೋದ್ಯೋಗಿಗಳು ಇಬ್ಬರು ಹಾಗೇ ಅಂದರು. ನಾನು ಒಪ್ಪುವುದಿಲ್ಲ. ಯಾಕೆ ಅಂದರೆ ಆ ಕೋಣೆಯಲ್ಲಿ ಇಲ್ಲದ ಮೂರನೆಯವರು ಒಬ್ಬರಿದ್ದಾರೆ. ‘ಯಾರಿಗೂ ನಾನು ಬೇಕಾಗಿಲ್ಲ’ ಅಂದವರು. ಅವರ ಜೀವದ ಮೇಲೆ ಒಂದು ಕಣ್ಣು ಇರಲೇಬೇಕು. ಬ್ರಿಟನ್ನಿನ ಬ್ರಿಜಿಡ್ ಪ್ರಾಕ್ಟರ್ 1980ರ ದಶಕದಲ್ಲಿ ಸೂಪರ್‌ವಿಷನ್ನಿಗೆ ಮೂರು ಕೆಲಸ ಅಂತ ಹೇಳಿದರು. ಕೌಶಲ ಬೆಳೆಸುವುದು ಒಂದು, ಕೆಲಸದ ಮಟ್ಟವನ್ನೂ ನೀತಿಯನ್ನೂ ಕಾಯುವುದು ಇನ್ನೊಂದು, ದಣಿದವರು ಚೇತರಿಸಿಕೊಳ್ಳಲು ಜಾಗ ಕೊಡುವುದು ಮೂರನೆಯದು. ‘ಆಸರೆ’ ಅಂದರೆ ಮೂರನೆಯದು ಮಾತ್ರ ಉಳಿಯುತ್ತದೆ, ಕಾಯುವ ಕೆಲಸ ಬಿದ್ದುಹೋಗುತ್ತದೆ. ‘ಮಾರ್ಗದರ್ಶನ’ ಅಂದರೆ ಮೊದಲನೆಯದು ಮಾತ್ರ. ದಾರಿ ತೋರಿಸುವವರು ತೋರಿಸುತ್ತಾರೆ, ಇವರು ತಲೆಯಾಡಿಸುತ್ತಾರೆ. ನನಗೆ ಮೂರನ್ನೂ ಹೊರುವ ಒಂದು ಪದ ಬೇಕು.

ಇಷ್ಟು ಹಟ ಯಾಕೆ ಅಂತ ಕೇಳಬಹುದು. ಈ ಕಸುಬಿನಲ್ಲಿ ಕೌಶಲ ಉಳಿಯುವುದೇ ಇದರಿಂದ. ಅಮೆರಿಕದ ಮನಶ್ಶಾಸ್ತ್ರಜ್ಞ ವಿಲಿಯಂ ಮಿಲ್ಲರ್ ಮತ್ತು ಜೊತೆಗಾರರು 2004ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಕುಡಿತ, ಮಾದಕ ವಸ್ತುಗಳ ಚಟ ಬಿಡಿಸುವ ಕೆಲಸದಲ್ಲಿದ್ದ 140 ಮಂದಿ ಅದರಲ್ಲಿದ್ದರು. ಬರೀ ಕಾರ್ಯಾಗಾರಕ್ಕೆ ಬಂದುಹೋದವರ ಕಲಿಕೆ ಕೆಲವು ತಿಂಗಳಲ್ಲೇ ಇಳಿಯತೊಡಗಿತು. ಇನ್ನು ಕೆಲವರ ಧ್ವನಿಮುದ್ರಣ ಕೇಳಿ ಹಿಮ್ಮಾಹಿತಿ ಕೊಟ್ಟಾಗ, ಇಲ್ಲವೇ ಆಮೇಲೂ ಜೊತೆಗಿದ್ದು ತರಬೇತಿ ಮುಂದುವರಿಸಿದಾಗ ಅದು ಉಳಿಯಿತು. ನನ್ನ ಅನುಭವವೂ ಹಾಗೇ. ತರಗತಿಯಲ್ಲಿ ಕಲಿತದ್ದು ಕೈಗೆ ಹತ್ತುವುದು ಗುರುವಾರದ ಆ ಒಂದು ಗಂಟೆಯಲ್ಲಿ. ಅದರ ಹೆಸರೇ ಜನರನ್ನು ಹೆದರಿಸಿದರೆ ಹೇಗೆ?

ನಾನು ಇಲ್ಲಿಯವರೆಗೆ ಹಾಕಿ ನೋಡಿದ್ದು ಇಷ್ಟು.

ಮೂಲ ಪದವನ್ನೇ ತುಂಡು ಮಾಡಿ ಕನ್ನಡಿಸಿದರೆ ‘ಮೇಲ್ನೋಟ’. ಅದಕ್ಕೆ ನಮ್ಮಲ್ಲಿ ಆಗಲೇ ಬೇರೆ ಅರ್ಥ ಇದೆ, ಪೂರ್ತಿ ಉಲ್ಟಾ ಅರ್ಥ. ‘ಮರುನೋಟ’ ಚೆನ್ನಾಗಿದೆ, ಆದರೆ ಒಬ್ಬರೇ ಕೂತು ಮಾಡುವ ಹಾಗೆ ಕೇಳುತ್ತದೆ. ‘ಒಡನೋಟ’ ನನಗೆ ಬಹಳ ಹಿಡಿಸಿತ್ತು. ಒಡನೆ ಕೂತು ನೋಡುವುದು, ಒಡನಾಟದ ನೆರಳೂ ಇದೆ. ತರಗತಿಯಲ್ಲಿ ಹೇಳಿದಾಗ ಅರ್ಧ ಜನ ‘ಒಳನೋಟ’ ಅಂತ ಕೇಳಿಸಿಕೊಂಡರು. ನಮ್ಮ ಕಸುಬಿನಲ್ಲಿ ಒಳನೋಟಕ್ಕೆ ಬೇರೆಯೇ ಕೆಲಸ ಇದೆ: ತನಗೆ ತೊಂದರೆ ಇದೆ ಅನ್ನುವ ಅರಿವು ಬಂದವರಿಗೆ ಎಷ್ಟಿದೆ ಅಂತ ಹೇಳಲು ಅದನ್ನೇ ಬಳಸುತ್ತೇವೆ. ಹಾಗಾಗಿ ಒಡನೋಟ ಗೊಂದಲ.

‘ತಿದ್ದು’ ಅನ್ನುವ ಮಾತಿನ ಹಿಂದೆಯೂ ಸ್ವಲ್ಪ ದಿನ ಓಡಿದೆ. ಮಗು ಅಕ್ಷರ ತಿದ್ದುತ್ತದೆ ಅಂದರೆ ತಪ್ಪು ಸರಿಮಾಡುತ್ತದೆ ಅಂತಲ್ಲ. ದೊಡ್ಡವರು ಬರೆದ ಅಕ್ಷರದ ಮೇಲೆ ಮತ್ತೆ ಮತ್ತೆ ಕೈಯಾಡಿಸುತ್ತದೆ. ಪಕ್ಕದಲ್ಲಿ ಕೂತವರು ಬೇಕಾದಾಗ ಕೈ ಹಿಡಿಯುತ್ತಾರೆ. ಎಂಥ ಚಂದದ ಚಿತ್ರ! ಆದರೆ ಇಲ್ಲಿ ಅದು ಕೂರುವುದಿಲ್ಲ. ನಮ್ಮ ಹುಡುಗಿ ನನ್ನ ಅಕ್ಷರದ ಮೇಲೆ ಬರೆಯಬೇಕಿಲ್ಲ, ಅವಳದೇ ದನಿ ಅವಳಿಗೆ ಸಿಗಬೇಕು.

ಹತ್ತಿರ ಹತ್ತಿರ ಬಂದಿರುವುದು ಒಂದೇ ಮಾತು, ‘ನೋಡಿಕೊಳ್ಳು’. ಇದನ್ನು ಬಳಗದವರು ದಯವಿಟ್ಟು ಗಮನಿಸಿ. ‘ಹೇಳು’ ಬೇರೆ, ‘ಹೇಳಿಕೊಳ್ಳು’ ಬೇರೆ. ವರದಿ ಹೇಳುತ್ತೇವೆ, ಸಂಕಟ ಹೇಳಿಕೊಳ್ಳುತ್ತೇವೆ. ‘ಕೇಳು’ ಬೇರೆ, ‘ಕೇಳಿಸಿಕೊಳ್ಳು’ ಬೇರೆ. ಹಾಗೆಯೇ ‘ನೋಡು’ ಬೇರೆ, ‘ನೋಡಿಕೊಳ್ಳು’ ಬೇರೆ. ‘ಮಗೂನ ಸ್ವಲ್ಪ ನೋಡ್ಕೋ’ ಅಂದಾಗ ಕಣ್ಣಿಟ್ಟಿರು ಅಂತಲೂ ಇದೆ, ಜೋಪಾನ ಮಾಡು ಅಂತಲೂ ಇದೆ. ಕಾವಲೂ ಕಾಳಜಿಯೂ ಒಂದೇ ಉಸಿರಿನಲ್ಲಿ ಬರುತ್ತವೆ. ಪ್ರಾಕ್ಟರ್ ಬೇರೆ ಬೇರೆ ಮಾಡಿ ಹೇಳಿದ್ದನ್ನು ಕನ್ನಡದ ಅಮ್ಮಂದಿರು ಅಡುಗೆಮನೆಯಿಂದಲೇ ಕೂಗಿ ಹೇಳುತ್ತಾರೆ. ಇಷ್ಟು ಒಳ್ಳೆಯ ಕ್ರಿಯಾಪದ ಇದ್ದೂ ಅದರಿಂದ ಒಂದು ನಾಮಪದ ಹುಟ್ಟುತ್ತಿಲ್ಲ. ‘ನೋಡಿಕೊಳ್ಳುವಿಕೆ’ ಅಂದರೆ ಜೀವ ಹೋಗುತ್ತದೆ. ‘ನೋಡಿಕೊಳ್ಳುವವರು’ ಅಂದರೆ ಕಾಯಿಲೆಯವರ ಆರೈಕೆ ಮಾಡುವವರು ಅಂತ ಆಗಲೇ ರೂಢಿಯಾಗಿದೆ.

ಹಾಗಾಗಿ ನನ್ನ ಪ್ರಶ್ನೆಗಳು. ನಡೆದುಕೊಳ್ಳುವ ರೀತಿಗೆ ‘ನಡವಳಿಕೆ’ ಅನ್ನುತ್ತೇವೆ, ತಿಳಿದುಕೊಂಡಿದ್ದಕ್ಕೆ ‘ತಿಳಿವಳಿಕೆ’ ಅನ್ನುತ್ತೇವೆ. ಇದೇ ಜಾಡಿನಲ್ಲಿ ನೋಡಿಕೊಳ್ಳುವುದಕ್ಕೋ ಹೇಳಿಕೊಳ್ಳುವುದಕ್ಕೋ ಹೆಸರು ಇದೆಯಾ? ಹಳೆಗನ್ನಡದಲ್ಲಿ, ನಿಮ್ಮ ಕಡೆಯ ಆಡುಮಾತಿನಲ್ಲಿ ಏನಾದರೂ ಉಳಿದಿದೆಯಾ? ಸಂಗೀತದವರು, ಕುಸ್ತಿಯವರು, ನೇಯ್ಗೆಯವರು ಕಲಿತವನ ಕೈಕೆಲಸವನ್ನು ಪಕ್ಕದಲ್ಲಿ ಕೂತು ನೋಡುವುದಕ್ಕೆ ಏನನ್ನುತ್ತಾರೆ? ಅಲ್ಲಿ ಖಂಡಿತ ಒಂದು ಪದ ಇರುತ್ತದೆ ಅಂತ ನನಗೆ ಅನ್ನಿಸುತ್ತದೆ. ನಾಮಪದವೇ ಬೇಡ, ಕ್ರಿಯಾಪದದಲ್ಲೇ ಹೇಳಿ ಅನ್ನುವವರಿದ್ದರೆ ಕೈಪಿಡಿಯ ತಲೆಬರಹದಲ್ಲಿ ಅದನ್ನು ಹೇಗೆ ಬರೆಯಲಿ ಅಂತಲೂ ಹೇಳಿ.

ಅಲ್ಲಿಯವರೆಗೆ ವೇಳಾಪಟ್ಟಿಯಲ್ಲಿ ಹಳೆಯದನ್ನು ಹೊಡೆದುಹಾಕಿ ಪೆನ್ಸಿಲ್‌ನಲ್ಲಿ ‘ಗುರುವಾರ 3 ಗಂಟೆ: ಕೂತು ಹೇಳಿಕೊಳ್ಳೋದು’ ಅಂತ ಬರೆದಿದ್ದೇನೆ. ಹೋದ ವಾರ ಇಬ್ಬರು ಕಾಗದಪತ್ರ ಏನೂ ಇಲ್ಲದೆ ಬಂದರು. ಒಬ್ಬರು ಬಂದು ಕೂರುತ್ತಲೇ, ‘ಮೊನ್ನೆ ನನ್ನ ಕೈಲಿ ಆಗಲಿಲ್ಲ’ ಅಂತ ಶುರು ಮಾಡಿದರು.