ಕಾಫಿ ದುಡ್ಡು ವರ್ಷಪೂರ್ತಿ ಬರೋ ಹಾಗೆ ಮಾಡೋದು ಹೇಗೆ?

ಮೂಡಿಗೆರೆ ಕಡೆಯವ: ನಮ್ಮದು ಎರಡೆಕರೆ ರೊಬಸ್ಟಾ ಕಾಫಿ ತೋಟ. ಕುಯ್ಲು ಮುಗಿದು ಮಾರಿದಾಗ ದುಡ್ಡು ಒಟ್ಟಿಗೆ ಬರುತ್ತದೆ, ಜೂನ್‌ನಲ್ಲಿ ಸ್ಕೂಲ್ ಫೀಸು, ಗೊಬ್ಬರ ಅಂತ ಶುರುವಾದರೆ ಕೈ ಖಾಲಿ, ಕೊನೆಗೆ ಹೆಂಡತಿ ಬಳೆ ಅಡ ಇಡಬೇಕು. ನೀವೆಲ್ಲ ಏನ್ ಮಾಡ್ತೀರಿ?

ಕೊಪ್ಪದ ಅಕ್ಕ: ಬಂದ ದಿನವೇ ಹನ್ನೆರಡು ಪಾಲು ಮಾಡಿ. ನನ್ನದು ಎರಡು ಖಾತೆ. ಒಂದಕ್ಕೆ ಎಟಿಎಂ ಕಾರ್ಡೇ ತಗೊಂಡಿಲ್ಲ, ಅಲ್ಲಿಂದ ಒಂದನೇ ತಾರೀಖು ಮನೆಖರ್ಚಿನ ಖಾತೆಗೆ ತಾನಾಗೇ ಹೋಗುವ ಹಾಗೆ ಬ್ಯಾಂಕಿನಲ್ಲಿ ಬರೆದುಕೊಟ್ಟಿದ್ದೇನೆ. ಫೀಸಿನ ದುಡ್ಡು ಬೇರೆ, ಮೂರು ತಿಂಗಳ ಎಫ್‌ಡಿ.

ಹಾಸನದವ: ಮೊದಲು ಅಂಗಡಿ ಉದ್ರಿ ನಿಲ್ಲಿಸಿ ಗುರುವೇ. ನಾನು ಬರೆಸಿ ತರುವಾಗ ಬಿಸ್ಕತ್ತು, ಮಿಕ್ಸ್ಚರ್ ಸುಮ್ನೆ ಸೇರಿಕೊಳ್ತಿತ್ತು. ಅಂಚೆ ಕಚೇರಿ ಆರ್‌ಡಿ, ಅಂದ್ರೆ ತಿಂಗಳು ತಿಂಗಳು ಕಟ್ಟೋ ಉಳಿತಾಯ, ತಿಂಗಳಿಗೆ 100 ರೂಪಾಯಿಯಿಂದಲೂ ಆಗುತ್ತದೆ, ಐದು ವರ್ಷಕ್ಕೆ.

ಮೂಡಿಗೆರೆ ಕಡೆಯವ: ಥ್ಯಾಂಕ್ಸ್ ಅಕ್ಕ. ಕಾರ್ಡು ಹೆಂಡತಿ ಕೈಗೆ ಕೊಟ್ಟೆ, ‘ಮೊದಲು ಬಳೆ ಬಿಡಿಸಿ’ ಅಂದಳು.