‘ಅಧ್ಯಕ್ಷೀಯ ಇತಿಹಾಸಕಾರ’ ಅಂದರೆ ಯಾರು?

ಗೆಳೆಯರೇ, ಎರಡು ದಿನದಿಂದ ಒಂದು ಪದ ತಲೆ ತಿನ್ನುತ್ತಿದೆ.

ಅಮೆರಿಕದಲ್ಲಿರುವ ನನ್ನ ತಂಗಿ ಈ ಬೇಸಿಗೆಯಲ್ಲಿ ಶಟಾಕ್ವಾಗೆ ಹೋಗಿದ್ದಳು. ನ್ಯೂಯಾರ್ಕ್ ರಾಜ್ಯದ ಪಶ್ಚಿಮ ಭಾಗದಲ್ಲಿ, ಸರೋವರದ ದಂಡೆಯಲ್ಲಿರುವ ಸಂಸ್ಥೆ ಅದು. 1874ರಲ್ಲಿ ಚರ್ಚಿನ ಭಾನುವಾರದ ಪಾಠಶಾಲೆಗಳ ಮೇಷ್ಟ್ರುಗಳಿಗೆ ತರಬೇತಿ ಕೊಡಲು ಶುರುವಾಯಿತು. ಈಗ ಬೇಸಿಗೆಯ ಒಂಬತ್ತು ವಾರ ಅಲ್ಲಿ ಸಂಗೀತ, ನಾಟಕ, ಉಪನ್ಯಾಸ. 2022ರಲ್ಲಿ ಸಲ್ಮಾನ್ ರಶ್ದಿಯವರ ಮೇಲೆ ದಾಳಿ ನಡೆದದ್ದು ಅಲ್ಲಿನ ವೇದಿಕೆಯ ಮೇಲೇ.

ತಂಗಿ ತಾನು ಕೇಳಿದ ಒಂದು ಉಪನ್ಯಾಸದ ಬಗ್ಗೆ ಕನ್ನಡದಲ್ಲಿ ಬರೆದು, ತಿದ್ದಿಕೊಡು ಅಂತ ಕಳಿಸಿದ್ದಾಳೆ. ಮೊದಲ ಸಾಲು: ‘ಅಧ್ಯಕ್ಷೀಯ ಇತಿಹಾಸಕಾರರೊಬ್ಬರು ಮಾತನಾಡಿದರು.’ ‘ಪ್ರೆಸಿಡೆನ್ಶಿಯಲ್ ಹಿಸ್ಟೋರಿಯನ್’, ಅಂದರೆ ಅಮೆರಿಕದ ಅಧ್ಯಕ್ಷರುಗಳ ಚರಿತ್ರೆ ಬರೆಯುವವರು, ಅನ್ನೋದನ್ನು ಹಾಗೇ ಇಳಿಸಿದ್ದಾಳೆ. ಅಮ್ಮ ಅದನ್ನು ಓದಿ ಕೇಳಿದ್ದು, “ಸಭೆಗೆ ಅಧ್ಯಕ್ಷರೂ ಅವರೇನಾ?”

ಅಮ್ಮನದೇನೂ ತಪ್ಪಿಲ್ಲ. ನಮಗೆ ‘ಅಧ್ಯಕ್ಷೀಯ ಭಾಷಣ’ ಅಂದರೆ ಎಲ್ಲರೂ ಮಾತಾಡಿ ಮುಗಿಸಿದ ಮೇಲೆ, ಊಟದ ಹೊತ್ತು ಮೀರುವಾಗ ಬರುವ ಭಾಷಣ. ಹಾಗಿದ್ದರೂ ‘ಅಧ್ಯಕ್ಷೀಯ ಚುನಾವಣೆ’, ‘ಅಧ್ಯಕ್ಷೀಯ ಪದ್ಧತಿ’ ಅಂತ ಪತ್ರಿಕೆಗಳಲ್ಲಿ ಓದುವಾಗ ಯಾರಿಗೂ ಗೊಂದಲ ಆಗುವುದಿಲ್ಲ. ಯಾಕೆ? ನನಗೆ ಹೊಳೆದದ್ದು ಇಷ್ಟು: ಚುನಾವಣೆ ಹೋಗಿ ಕುರ್ಚಿಯಲ್ಲಿ ಕೂರುವುದಿಲ್ಲ, ಮನುಷ್ಯ ಕೂರುತ್ತಾನೆ. ‘ಅಧ್ಯಕ್ಷೀಯ’ದ ಮುಂದೆ ವ್ಯಕ್ತಿ ಬಂದ ಕೂಡಲೇ ಅರ್ಥ ವಾಲುತ್ತದೆ.

ಅಲ್ಲದೆ ಯಾವುದನ್ನು ಓದಿಕೊಂಡವರು ಅಂತ ಹೇಳುವಾಗ ಕನ್ನಡ ‘ಈಯ’ ಹಚ್ಚುವುದೇ ಕಡಿಮೆ. ಶಾಸನತಜ್ಞ, ಕಾನೂನು ತಜ್ಞ, ಕೃಷಿ ವಿಜ್ಞಾನಿ ಅಂತೀವಿ, ಸುಮ್ನೆ ಎರಡು ಪದ ಜೋಡಿಸಿ. ಹಾಗಾದರೆ ‘ಅಧ್ಯಕ್ಷ ಇತಿಹಾಸಕಾರ’ ಆಗಬಹುದಾ? ಅದು ‘ಕವಿ ವಿಮರ್ಶಕ’ ಇದ್ದ ಹಾಗೆ, ಎರಡೂ ಒಬ್ಬರೇ ಅಂತಾಗುತ್ತದೆ. ಥಿಯೋಡರ್ ರೂಸ್‌ವೆಲ್ಟ್‌ಗಾದರೆ ಅದು ಚೆನ್ನಾಗಿ ಒಪ್ಪುತ್ತದೆ. ಅವರು 1812ರ ನೌಕಾಯುದ್ಧದ ಚರಿತ್ರೆ ಬರೆದವರು, ದೇಶದ ಅಧ್ಯಕ್ಷರಾಗಿದ್ದವರು. ಸಾಲದ್ದಕ್ಕೆ 1912ರಲ್ಲಿ ಅಮೆರಿಕದ ಇತಿಹಾಸಕಾರರ ಸಂಘಕ್ಕೂ ಅಧ್ಯಕ್ಷರು!

‘ಅಧ್ಯಕ್ಷರ ಇತಿಹಾಸಕಾರ’ ಅಂದರೆ ಅರಮನೆಯ ಆಸ್ಥಾನಕವಿಯ ವಾಸನೆ. ಅಮೆರಿಕದ ಲೇಖಕಿ ಡೋರಿಸ್ ಕರ್ನ್ಸ್ ಗುಡ್ವಿನ್ ಅವರನ್ನು ನೋಡಿ. ಚಿಕ್ಕ ವಯಸ್ಸಿನಲ್ಲಿ ಅಧ್ಯಕ್ಷ ಲಿಂಡನ್ ಜಾನ್ಸನ್ ಹತ್ತಿರ ಶ್ವೇತಭವನದಲ್ಲಿ ಕೆಲಸ ಮಾಡಿದರು, ಅವರ ಆತ್ಮಕಥನಕ್ಕೂ ನೆರವಾದರು. ಆಮೇಲೆ ಲಿಂಕನ್, ಇಬ್ಬರು ರೂಸ್‌ವೆಲ್ಟರು, ಹೀಗೆ ಬರೆಯುತ್ತಾ ಹೋದರು. ಲಿಂಕನ್ ಏನೂ ಗುಡ್ವಿನ್‌ರನ್ನು ನೇಮಿಸಿಕೊಂಡಿರಲಿಲ್ಲ ಅಲ್ವಾ? ಇನ್ನು ಅವರು ಇತಿಹಾಸಕಾರ್ತಿಯೋ ಇತಿಹಾಸಕಾರಿಣಿಯೋ? ನಾನು ‘ಇತಿಹಾಸಕಾರರು’ ಅಂತ ಬರೆದು ತಪ್ಪಿಸಿಕೊಳ್ಳುವವನು.

ಗೋಜಲಿನ ಬೇರು ‘ಅಧ್ಯಕ್ಷ’ದಲ್ಲೇ ಇದೆ. ಗ್ರಾಮ ಪಂಚಾಯಿತಿಗೂ ಅಧ್ಯಕ್ಷ, ಗಣೇಶೋತ್ಸವ ಸಮಿತಿಗೂ ಅಧ್ಯಕ್ಷ, ಅಮೆರಿಕಕ್ಕೂ ಅಧ್ಯಕ್ಷ. ಕೌಟಿಲ್ಯನ ‘ಅರ್ಥಶಾಸ್ತ್ರ’ದ ಕಾಲಕ್ಕೇ ಇದು ಅಗ್ಗದ ಪದ. ಅಲ್ಲಿ ಬೇಸಾಯ ನೋಡಿಕೊಳ್ಳುವವನು ಸೀತಾಧ್ಯಕ್ಷ, ದೋಣಿಗಳನ್ನು ನೋಡಿಕೊಳ್ಳುವವನು ನಾವಧ್ಯಕ್ಷ. ಇಂಗ್ಲಿಷಿನದೂ ಇದೇ ಕತೆ. 1789ರಲ್ಲಿ ಅಮೆರಿಕದ ಮೊದಲ ಅಧ್ಯಕ್ಷ ವಾಷಿಂಗ್ಟನ್ ಅವರನ್ನು ಏನೆಂದು ಕರೆಯಬೇಕು ಅಂತ ಚರ್ಚೆಯಾದಾಗ ಉಪಾಧ್ಯಕ್ಷ ಜಾನ್ ಆಡಮ್ಸ್ ಗೊಣಗಿದ್ದು ಇದನ್ನೇ: ಬೆಂಕಿ ಆರಿಸುವ ತಂಡಕ್ಕೂ ಕ್ರಿಕೆಟ್ ಕ್ಲಬ್ಬಿಗೂ ಪ್ರೆಸಿಡೆಂಟ್ ಇರುತ್ತಾನಲ್ಲ! ಸೆನೆಟ್‌ನವರು ಉದ್ದನೆಯ ಬಿರುದು ಹುಡುಕಿದರು, ಕೆಳಮನೆ ಒಪ್ಪಲಿಲ್ಲ. ನಾವು ನಮ್ಮ ದೇಶದವರಿಗೆ ‘ರಾಷ್ಟ್ರಪತಿ’ ಅಂತ ಇಟ್ಟುಕೊಂಡು ಪಾರಾದೆವು. ಆದರೆ ಲಿಂಕನ್‌ರನ್ನು ‘ರಾಷ್ಟ್ರಪತಿ’ ಅಂದರೆ ನನ್ನ ಕಿವಿಗೆ ಹಿಂದಿ ವಾರ್ತೆ ಕೇಳಿದ ಹಾಗಾಗುತ್ತದೆ.

ಸದ್ಯಕ್ಕೆ ತಂಗಿಯ ಸಾಲನ್ನು ‘ಅಮೆರಿಕದ ಅಧ್ಯಕ್ಷರುಗಳ ಚರಿತ್ರೆ ಬರೆಯುವ ಒಬ್ಬರು ಉಪನ್ಯಾಸ ಕೊಟ್ಟರು’ ಅಂತ ಬಿಡಿಸಿ ಬರೆದಿದ್ದೇನೆ. ಅಮ್ಮನಿಗೆ ಅರ್ಥವಾಯಿತು. ಆದರೆ ಟಿವಿಯಲ್ಲಿ ಹೆಸರಿನ ಕೆಳಗೆ ಬರುವ ಪಟ್ಟಿಯಲ್ಲಿ ಇಷ್ಟುದ್ದ ಹಿಡಿಸುವುದಿಲ್ಲ. ಅಲ್ಲಿಗೆ ಎರಡು ಪದದಲ್ಲಿ ಏನು ಹಾಕುತ್ತೀರಿ? ಸುದ್ದಿಮನೆಯಲ್ಲಿ ಕೆಲಸ ಮಾಡಿದವರು ಯಾರಾದರೂ ಇದ್ದರೆ ಹೇಳಿ.