ಒಂಬತ್ತು ದಿನದ ಮಗುಗೆ ಎದೆಹಾಲು ನಿಲ್ಸಿ ಅಂದಿದಾರೆ, ಅನುಭವ ಇರೋರು ಹೇಳಿ

ತಂಗಿ ಮಗು, ಸೋಮವಾರಪೇಟೆ ಕಡೆ. ಹಿಮ್ಮಡಿ ಚುಚ್ಚಿ ತೆಗೆದ ರಕ್ತದಲ್ಲಿ ಗ್ಯಾಲಕ್ಟೋಸೀಮಿಯಾ ಡೌಟ್ ಅಂತ ಬಂದಿದೆ. ಹಾಲು ನಿಲ್ಸಿ ಬೆಂಗಳೂರಿಗೆ ಹೋಗಿ ಅಂದ್ರು. ಅವಳ ಅತ್ತೆ ಮಾತ್ರ ಎದೆಹಾಲು ಯಾರಾದ್ರೂ ಬಿಡಿಸ್ತಾರಾ ಅಂತ ಹಟ ಹಿಡಿದಿದಾರೆ.

ವಿರಾಜಪೇಟೆಯಿಂದ:
ಅಕ್ಕ ಇವತ್ತೇ ನಿಲ್ಸಿ. ನಮ್ಮ ಮಗಂದೂ ಇದೇ. ಕಾಮಾಲೆ ಇಳೀಲೇ ಇಲ್ಲ, ನಾವು ದಿನಾ ಬೆಳಿಗ್ಗೆ ಅಂಗಳದಲ್ಲಿ ಬಿಸಿಲಿಗೆ ಹಿಡ್ಕೊಂಡು ಕೂರ್ತಿದ್ವಿ, ಆಮೇಲೆ ವಾಂತಿ ಶುರುವಾಯ್ತು, ಕುಡಿಯೋದೇ ಬಿಟ್ಟ. ಹಾಲಲ್ಲಿರೋ ಲ್ಯಾಕ್ಟೋಸ್ ಒಡೆದಾಗ ಗ್ಯಾಲಕ್ಟೋಸ್ ಬರುತ್ತಲ್ಲ, ಅದನ್ನ ಅರಗಿಸೋ ಎಂಜೈಮ್ ಈ ಮಕ್ಕಳಲ್ಲಿ ಇರಲ್ಲ, ಲಿವರಿಗೆ ಹೊಡೆಯುತ್ತೆ, ಕಣ್ಣಿಗೆ ಪೊರೆ ಬರುತ್ತೆ. ಹಸುವಿನ ಹಾಲೂ ಬೇಡ, ಮಾಮೂಲಿ ಪೌಡರ್ ಡಬ್ಬಿನೂ ಬೇಡ, ಡಾಕ್ಟರ್ ಹತ್ರ ಕೇಳಿ ಸೋಯಾದ್ದು ಶುರು ಮಾಡಿ. ಆದ್ರೆ ತಂಗಿಗೆ ಹಿಂಡ್ತಾ ಇರೋಕೆ ಹೇಳಿ, ಎರಡನೇ ಟೆಸ್ಟಲ್ಲಿ ಕಾಯಿಲೆ ಇಲ್ಲ ಅಂತ ಬಂದ್ರೆ ಅಷ್ಟರಲ್ಲಿ ಹಾಲು ಬತ್ತಿರಬಾರದಲ್ಲ. ಎದೆ ಕಟ್ಟಿ ಜ್ವರ ಬಂದು, ಹಿಂಡಿದ್ದನ್ನ ಬಚ್ಚಲಿಗೆ ಚೆಲ್ತಾ ಅತ್ತಿದ್ದು ನೆನೆಸ್ಕೊಂಡ್ರೆ ಈಗಲೂ ಸಂಕಟ ಆಗುತ್ತೆ.

ಇನ್ನೊಂದು, ಮಗುಗೆ ರಕ್ತ ಹಾಕ್ಬೇಕಾಗಿ ಬಂದ್ರೆ ಎಂಜೈಮ್ ಟೆಸ್ಟಿಗೆ ಮೊದ್ಲೇ ಸ್ಯಾಂಪಲ್ ತೆಗೆಸಿ, ಬೇರೆಯವರ ರಕ್ತ ಸೇರಿದ್ರೆ ರಿಸಲ್ಟ್ ಸರಿ ಬರಲ್ಲ. ಕೆಲವು ಮಾತ್ರೆಲೂ ಲ್ಯಾಕ್ಟೋಸ್ ಇರುತ್ತೆ, ಮೆಡಿಕಲ್ ಶಾಪಲ್ಲಿ ಪ್ರತಿಸಲ ಕೇಳಿ.

ಗೋಣಿಕೊಪ್ಪದಿಂದ:
ನಮ್ಮ ಮಗಳದ್ದು ಬೇರೆ, ಎಂಎಸ್‌ಯುಡಿ ಅಂತ, ಪ್ರೋಟೀನಲ್ಲಿರೋ ಕೆಲವು ಅಂಶ ಅರಗದ ಕಾಯಿಲೆ. ಉಚ್ಚೆ ಬಟ್ಟೆ ಬೆಲ್ಲದ ಪಾಕ ಸೀದ ಹಾಗೆ ವಾಸನೆ, ಬಾಣಂತಿ ಕೋಣೆಯ ಧೂಪ ಅಂದ್ಕೊಂಡಿದ್ವಿ. ಅವಳಿಗೆ ಜ್ವರ, ವಾಂತಿ ಬಂದ್ರೆ ಕಾಯೋ ಹಾಗಿಲ್ಲ, ಗ್ಲೂಕೋಸ್ ಡ್ರಿಪ್ ಬೇಕು. ಒಂದ್ಸಲ ರಾತ್ರಿ ಮಳೇಲಿ ಹೋದ್ರೆ ಡ್ಯೂಟಿ ಡಾಕ್ಟರ್ ಈ ಹೆಸರೇ ಕೇಳಿರ್ಲಿಲ್ಲ. ಅವತ್ತಿಂದ ಸ್ಪೆಷಲಿಸ್ಟ್ ಬರೆದುಕೊಟ್ಟ ಎಮರ್ಜೆನ್ಸಿ ಲೆಟರ್ ಲ್ಯಾಮಿನೇಟ್ ಮಾಡ್ಸಿ ಗಾಡೀಲೇ ಇಟ್ಟಿದೀವಿ. ನಮ್ಮ ಜಿಲ್ಲೇಲಿ ರೈಲಿಲ್ಲ, ಮಳೆಗಾಲದಲ್ಲಿ ರಸ್ತೆಗೆ ಮರ ಬಿದ್ರೆ ಮುಗೀತು, ಯಾವ ಕಾಯಿಲೆ ಆದ್ರೂ ಅಂಥದ್ದೊಂದು ಲೆಟರ್ ಕೇಳಿ ಇಸ್ಕೊಳಿ.

ಮಡಿಕೇರಿಯಿಂದ:
ಅತ್ತೆ ಸೊಸೆ ಕಡೆ ದೋಷ ಅಂತ ಶುರು ಮಾಡೋ ಮುಂಚೆನೇ ಹೇಳ್ಬಿಡಿ, ಅಪ್ಪ ಅಮ್ಮ ಇಬ್ರಿಂದಲೂ ಒಂದೊಂದು ದೋಷದ ಜೀನ್ ಬಂದ್ರೇನೇ ಈ ಕಾಯಿಲೆ. ಪ್ರತಿ ಬಸಿರಿಗೂ 25% ಚಾನ್ಸ್.

ಕೇಳಿದವರು:
ಕುಶಾಲನಗರದಲ್ಲಿ ಸೋಯಾ ಡಬ್ಬಿ ಸಿಕ್ತು, ಡಾಕ್ಟರಿಗೂ ಫೋನ್ ಮಾಡಿ ಕೇಳಿದ್ವಿ. ನಾಳೆ 5 ಗಂಟೆಗೆ ಹೊರಡೋದು. ಮಗು ಬಾಟಲಿ ಬಾಯಿಗೇ ತಗೊಳ್ಲಿಲ್ಲ, ಕೊನೆಗೆ ಅತ್ತೆನೇ ಅಟ್ಟದಿಂದ ಹಳೇ ಒಳಲೆ ಇಳಿಸಿ ಬಿಸಿನೀರಲ್ಲಿ ಕುದಿಸಿ ಕೊಟ್ರು. ಒಂದೂವರೆ ಒಳಲೆ ಕುಡೀತು.